ಅಕ್ಕೋರು ತಿನ್ನಬಹುದಾದ ಐಸ್‌ಕ್ರೀಂ

ಮೇ ತಿಂಗಳ ನಡುವಿನ ಒಂದು ಬೆಳಿಗ್ಗೆ ಸುರಪುರದಿಂದ ಫೋನು ಬಂತು.

"ಮೇಡಂ, ಮೂರು ದಿನ ಆತ್ರಿ, ಸಪ್ಪನ್ನ ರೊಟ್ಟಿ ಗಂಟಲದಾಗ ಇಳೀವಲ್ದು. ಏನರ ತಣ್ಣಗಿಂದು ತಿನ್ಲೇನು? ಒಂದು ಕುಲ್ಫಿ ತಿಂದ್ರ ನಡೀತದೇನ್ರಿ?"

"ನಡ್ಯಂಗಿಲ್ಲ ಅಕ್ಕೋರೆ. ಹಾಲು ಇರ್ತದ."

"ಹಂಗಾರ ಐಸ್‌ಕ್ರೀಂ?"

"ಅದ್ರಾಗೂ ಹಾಲೇ."

"ಐಸ್‌ಕ್ಯಾಂಡಿ?"

ವಿಚಾರಿಸಿ ಹೇಳುತ್ತೇನೆ ಎಂದೆ. ಆ ಒಂದು ಮಾತು ಆಡಿ ನಾನು ಹಳ್ಳಕ್ಕೆ ಬಿದ್ದೆ.

ಯಾದಗಿರಿಯ ಒಂದು ನರ್ಸಿಂಗ್ ಹೋಮಿನಲ್ಲಿ ರೋಗಿಗಳಿಗೆ ಏನು ತಿನ್ನಬೇಕು, ಏನು ತಿನ್ನಬಾರದು ಎಂದು ಹೇಳುವುದು ನನ್ನ ಕೆಲಸ. ಅದರಲ್ಲಿ ತಿನ್ನಬಾರದು ಎನ್ನುವುದೇ ಹೆಚ್ಚು. ಫೋನು ಮಾಡಿದವರು ಸುರಪುರದ ಒಂದು ಅಂಗನವಾಡಿಯನ್ನು ಹದಿನೆಂಟು ವರ್ಷದಿಂದ ನಡೆಸುತ್ತಿರುವ ಹೆಂಗಸು. ಊರವರು ಕರೆಯುವ ಹಾಗೆ ನಾನೂ ಅವರನ್ನು ಅಕ್ಕೋರು ಎಂದೇ ಕರೆಯುತ್ತಿದ್ದೆ. ಅವರ ಕೊರಳಿನ ಥೈರಾಯ್ಡ್ ಗಂಟು ಕ್ಯಾನ್ಸರ್ ಎಂದು ತಿಳಿದು, ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ಗ್ರಂಥಿಯನ್ನೇ ತೆಗೆದಿದ್ದರು. ಅಲ್ಲಲ್ಲಿ ಉಳಿದಿರಬಹುದಾದ ಕಣಗಳನ್ನು ಸುಡಲು ವಿಕಿರಣ ಸೂಸುವ ಅಯೋಡಿನ್ ಕುಡಿಸಬೇಕಿತ್ತು. ಅದಕ್ಕೆ ಮೊದಲು ಎರಡು ವಾರ ಊಟದಲ್ಲಿ ಅಯೋಡಿನ್ ಆದಷ್ಟು ಕಡಿಮೆ ಇರಬೇಕು, ಅಂದರೆ ಪ್ಯಾಕೆಟ್ ಉಪ್ಪು, ಹಾಲು, ಸಮುದ್ರದ್ದು ಕೂಡದು. ಆ ಕಣಗಳು ಅಯೋಡಿನ್ನಿಗೆ ಹಸಿದಿದ್ದರೆ ಔಷಧಿಯನ್ನು ಗಬಗಬ ಹೀರುತ್ತವೆ, ಮೊದಲೇ ಹೊಟ್ಟೆ ತುಂಬಿದ್ದರೆ ಔಷಧಿ ಮೂತ್ರದಲ್ಲಿ ಹರಿದುಹೋಗುತ್ತದೆ. ಪಥ್ಯ ಮಾಡಿಸುವ ಹೊಣೆ ಹತ್ತಿರದ ಊರಿನವಳೆಂದು ನನ್ನ ಪಾಲಿಗೆ ಬಂದಿತ್ತು.

ಅಕ್ಕೋರಿಗೆ ತಾರೀಖಿನದೇ ಚಿಂತೆ. ಅವರ ಒಬ್ಬಳೇ ಮಗಳು ಚೊಚ್ಚಲ ಬಸುರಿ, ಜುಲೈ ಮೊದಲ ವಾರ ದಿನ ತುಂಬುತ್ತಿತ್ತು. ಔಷಧಿ ಕುಡಿದ ಮೇಲೆ ಒಂದು ತಿಂಗಳು ಬಸುರಿಯರ, ಕೂಸುಗಳ ಹತ್ತಿರ ಸುಳಿಯಬಾರದು ಎಂದು ಆಸ್ಪತ್ರೆಯವರು ಹೇಳಿದ್ದರು. ಅವರಿಗೆ ಕೊಟ್ಟ ತಾರೀಖು ಮೇ ಕೊನೆಯ ವಾರದ್ದು. ಆ ದಿನ ಔಷಧಿ ಕುಡಿದರೆ ಕೂಸು ಹುಟ್ಟುವ ಹೊತ್ತಿಗೆ ಅವರು ಮುಕ್ತರು. ಅಂಗನವಾಡಿಯಲ್ಲಿ ಊರಿನ ಮಕ್ಕಳನ್ನೆಲ್ಲ ಎತ್ತಿ ಆಡಿಸಿದವರು, ಸ್ವಂತ ಮೊಮ್ಮಗುವಿಗೆ ಎರೆಯುವ ಮೊದಲ ನೀರು ತಮ್ಮ ಕೈಯದೇ ಆಗಬೇಕು ಎಂದು ಮೊದಲ ಭೇಟಿಯಲ್ಲೇ ನನಗೆ ಹೇಳಿದ್ದರು.

ಪಥ್ಯದ ಪಟ್ಟಿ ಕೊಟ್ಟ ದಿನ ಉಪ್ಪಿನದೇ ದೊಡ್ಡ ರಾಮಾಯಣವಾಗಿತ್ತು. ಉಪ್ಪೇ ಬಿಡಿ ಎಂದರೆ "ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರ್ರಿ, ನನಗ ಉಪ್ಪು, ಮಗಳಿಗಿ ತಾಯಿ, ಎರಡೂ ಬಿಡಸಾಕತ್ತೀರಿ" ಎಂದು ಮುಖ ಸಿಂಡರಿಸಿದರು. ಕೊನೆಗೆ ನಾನು ಒಂದು ಉಪಾಯ ಹೇಳಿದೆ. ಮನೆ ಮನೆಯ ಉಪ್ಪಿನಲ್ಲಿ ಅಯೋಡಿನ್ ಇದೆಯೇ ಎಂದು ನೋಡಲು ಅವರ ಹತ್ತಿರ ಒಂದು ಕಿಟ್ ಇರುತ್ತದೆ. ಸಣ್ಣ ಬಾಟಲಿಯಿಂದ ಉಪ್ಪಿನ ಮೇಲೆ ಒಂದು ಹನಿ ಬಿಟ್ಟರೆ, ಅಯೋಡಿನ್ ಇದ್ದದ್ದು ನೀಲಿಯಾಗುತ್ತದೆ. ಸಂತೆಯಲ್ಲಿ ಸಿಗುವ ಹರಳುಪ್ಪಿಗೆ ಹನಿ ಹಾಕಿ ನೋಡಿ, ನೀಲಿಯಾಗದಿದ್ದರೆ ಸ್ವಲ್ಪ ತಿನ್ನಬಹುದು ಎಂದೆ.

"ಹದಿನೆಂಟು ವರ್ಷ ಮಂದಿ ಮನಿ ಉಪ್ಪು ನೀಲಿ ಆಗ್ಲಿಲ್ಲಂತ ಬೈದೀನಿ," ಎಂದು ಅವರು ನಕ್ಕರು. "ಈಗ ನಂದು ನೀಲಿ ಆಗಬಾರದ್ರಿ? ಆತು ಬಿಡ್ರಿ."

ನನ್ನ ಉಪಾಯದ ಬಗ್ಗೆ ನನಗೆ ಹೆಮ್ಮೆಯೇ ಆಗಿತ್ತು.

ಫೋನು ಬಂದ ಸಂಜೆ ಯಾದಗಿರಿಯ ಸ್ಟೇಷನ್ ರಸ್ತೆಯ ಐಸ್‌ಕ್ರೀಂ ಅಂಗಡಿಗೆ ಹೋದೆ. ಹಾಲಿಲ್ಲದ್ದು ಏನಿದೆ ಎಂದು ಕೇಳಿದರೆ ಮಾಲೀಕರು ಫ್ರೀಜರಿನಿಂದ ಒಂದು ಕಪ್ ತೆಗೆದು ಕೌಂಟರಿನ ಮೇಲಿಟ್ಟರು.

"ಇದು ಐಸ್‌ಕ್ರೀಂ ಅಲ್ರಿ ಮೇಡಂ. ಓದ್ರಿ, ಫ್ರೋಜನ್ ಡೆಸರ್ಟ್ ಅಂತ ಬರದಾರ. ಎಣ್ಣಿಲಿಂದ ಮಾಡ್ತಾರ. ಹಾಲಿನ ಸಂಬಂಧನೇ ಇಲ್ಲ."

ಒಂದು ಕ್ಷಣ ಖುಷಿಯಾಯಿತು. ಕಪ್ಪನ್ನು ತಿರುಗಿಸಿ ತಳದ ಅಕ್ಷರ ಓದಲು ಹೋದರೆ ಇರುವೆಯೂ ಕನ್ನಡಕ ಕೇಳಬೇಕು, ಅಷ್ಟು ಸಣ್ಣದು. ಮೇಲಾಗಿ ಅದರ ಮೇಲೆ ಮಂಜು ಕೂತಿತ್ತು. ಸೆರಗಿನಿಂದ ಒರೆಸಿ, ಮೊಬೈಲಿನಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿ ಓದಿದೆ. ಖಾದ್ಯ ತೈಲ ಹೌದು. ಅದರ ಪಕ್ಕದಲ್ಲೇ ಹಾಲಿನ ಘನಾಂಶ. ಮುಂದೆ ಗಟ್ಟಿ ಬರಿಸಲು ಹಾಕಿದ್ದರ ಸಂಖ್ಯೆ, 407. ಅದು ಸಮುದ್ರದ ಪಾಚಿಯಿಂದ ತೆಗೆದದ್ದು, ಅಯೋಡಿನ್ನಿನ ಪಥ್ಯದಲ್ಲಿ ಸಮುದ್ರದ್ದು ಏನೂ ಕೂಡದು. ಸ್ಟ್ರಾಬೆರಿ ಕಪ್ಪಿನಲ್ಲಿ ಇವುಗಳ ಜೊತೆಗೆ 127 ಎಂಬ ಕೆಂಪು ಬಣ್ಣ ಬೇರೆ, ಅದರ ಮೈಯಲ್ಲೇ ಅಯೋಡಿನ್.

"ಹಾಲು ಅದ ಅಲ್ರಿ ಇದ್ರಾಗ?" ಎಂದೆ.

"ಹಾಲಲ್ಲ, ಹಾಲಿನ ಪುಡಿ," ಎಂದರು ಅವರು, ಅದು ಬೇರೆ ಜಾತಿ ಎಂಬಂತೆ.

ಮ್ಯಾಂಗೋ ಬಾರಿನಲ್ಲಿ ಹಾಲಿನ ಪುಡಿ. ಚಾಕೊಬಾರಿನಲ್ಲಿ ಹಾಲಿನ ಪುಡಿ, ಮೇಲೆ ಪಥ್ಯಕ್ಕಾಗದ ಸೋಯಾ. ಕಿತ್ತಳೆ ಕ್ಯಾಂಡಿಯಲ್ಲಿ ಹಾಲಿಲ್ಲ, ಪಾಚಿಯಿಲ್ಲ, ಬಣ್ಣವೂ ಬೇರೆಯದು. ಅಬ್ಬಾ ಎಂದುಕೊಂಡು ಕೊನೆಯ ಸಾಲಿಗೆ ಬಂದರೆ ಅಯೋಡಿನ್‌ಯುಕ್ತ ಉಪ್ಪು. ಕಿತ್ತಳೆಗೆ ಯಾಕಪ್ಪಾ ಉಪ್ಪು ಎಂದು ನಾನು ಗೊಣಗುತ್ತಿರುವಾಗ ಮಾಲೀಕರು ಫ್ರೀಜರಿನ ಬಾಗಿಲು ಹಿಡಿದುಕೊಂಡೇ ನಿಂತಿದ್ದರು. "ಮೇಡಂ, ನೀವು ತಿನ್ನಾಕ ಬಂದೀರೇನು, ಪರೀಕ್ಷಾಕ್ಕ ಓದಾಕ ಬಂದೀರೇನು? ಮಾಲೆಲ್ಲಾ ಕರಗಾಕತ್ತಾದ." ಅವರದೂ ತಪ್ಪಲ್ಲ. ಒಂದು ಕಪ್ ಕೊಂಡು, ಸಿಟ್ಟಿನಲ್ಲಿ ನಾನೇ ತಿಂದು ಮನೆಗೆ ಹೋದೆ.

ಎರಡು ದಿನ ಬಿಟ್ಟು ಶಹಾಪುರದ ಒಂದು ಐಸ್‌ಕ್ಯಾಂಡಿ ಫ್ಯಾಕ್ಟರಿಗೆ ಹೋದೆ. ಫ್ಯಾಕ್ಟರಿ ಎಂದರೆ ಒಂದು ತಗಡಿನ ಶೆಡ್ಡು. ಅಲ್ಲಿ ಒಂದು ತೊಟ್ಟಿ ತುಂಬ ಉಪ್ಪುನೀರು. ಆ ನೀರು ಸೊನ್ನೆಗಿಂತ ಕೆಳಗೆ ತಣ್ಣಗಾದರೂ ಗಡ್ಡೆಕಟ್ಟುವುದಿಲ್ಲ. ಕ್ಯಾಂಡಿಯ ಅಚ್ಚುಗಳನ್ನು ಅದರಲ್ಲಿ ಕುತ್ತಿಗೆಯವರೆಗೆ ಇಳಿಬಿಟ್ಟರೆ ಒಳಗಿನ ಸಕ್ಕರೆ ನೀರು ಗಟ್ಟಿಯಾಗುತ್ತದೆ.

"ನೀರು, ಸಕ್ರಿ, ಕಲರ್, ವಾಸನಿ. ಮುಗೀತು," ಎಂದರು ಫ್ಯಾಕ್ಟರಿಯ ಯಜಮಾನರು. "ಮೂವತ್ತು ವರ್ಷ ಆತ್ರಿ ಈ ಧಂಧೆದಾಗ. ಹಾಲಿನ ಹನಿ ಬಿಲ್ಕುಲ್ ಹಾಕಂಗಿಲ್ಲ."

"ಕಲರ್ ಯಾವುದ್ರಿ?"

"ಕೆಂಪು."

"ಕೆಂಪು ಅಂದ್ರ ಯಾವ ನಂಬರ?"

"ಕೆಂಪಿಗಿ ನಂಬರ್ ಇರ್ತದೇನ್ರಿ? ಕೆಂಪು ಅಂದ್ರ ಕೆಂಪು." ಡಬ್ಬಿ ತರಿಸಿದರು. ಚೀಟಿ ಯಾವತ್ತೋ ಕಿತ್ತುಹೋಗಿತ್ತು.

ಬಣ್ಣ ಹಾಕದೆ ನಾಲ್ಕು ಮಾಡಿಕೊಡಿ ಎಂದು ಬೇಡಿಕೊಂಡೆ. ಪಾಪ, ಒಪ್ಪಿದರು. ನಲವತ್ತು ನಿಮಿಷ ಆ ಶೆಡ್ಡಿನಲ್ಲಿ ಕೂತೆ. ಬಂದ ಬಿಳಿ ಕ್ಯಾಂಡಿಗಳನ್ನು ನೆಕ್ಕಿದರೆ ಎರಡು ಸಿಹಿ, ಎರಡು ಉಪ್ಪು.

"ಹಳೀ ಅಚ್ಚು ನೋಡ್ರಿ, ಒಮ್ಮೊಮ್ಮೆ ಸೂಜಿ ತೂತು ಬೀಳ್ತಾವ," ಎಂದರು ಯಜಮಾನರು ಶಾಂತವಾಗಿ. "ಹುಡುಗ್ರಿಗಿ ಅದೇ ಸೇರ್ತದ."

ತೊಟ್ಟಿಯ ಉಪ್ಪು ಯಾವುದು ಎಂದು ಕೇಳುವ ಧೈರ್ಯವೂ ಉಳಿಯಲಿಲ್ಲ. ಮೂರು ತಾಲ್ಲೂಕಿನಲ್ಲಿ ಒಬ್ಬ ಹೆಂಗಸು ತಿನ್ನಬಹುದಾದ ಒಂದು ತಣ್ಣನೆಯ ಪದಾರ್ಥ ಇಲ್ಲವೆಂದರೆ ಏನನ್ನಬೇಕು? ಅದನ್ನೇ ಹೇಳಲು, ಪಥ್ಯದ ಏಳನೆಯ ದಿನ, ಸುರಪುರದ ಬಸ್ಸು ಹತ್ತಿದೆ.

ಅಕ್ಕೋರು ಗೆಲುವಾಗಿದ್ದರು. ಮುಖಕ್ಕೆ ಕಳೆ ಬಂದಿತ್ತು. ಚಹಾದ ಬದಲು ಲಿಂಬು ಶರಬತ್ತು ಕೊಟ್ಟರು. ನಾನು ನನ್ನ ಸೋಲಿನ ಕಥೆ ಶುರುಮಾಡುತ್ತಿದ್ದಂತೆ ಕೈ ಎತ್ತಿ ತಡೆದರು.

"ನೀವು ಸುಮ್ನ ಅಡ್ಡಾಡಿದ್ರಿ ಮೇಡಂ. ನಾ ಇಲ್ಲೇ ಕುಂತು ಹುಡುಕೀನಿ."

ಒಂದು ನೋಟ್‌ಬುಕ್ ತಂದು ನನ್ನ ಮುಂದಿಟ್ಟರು. ಅಂಗನವಾಡಿಯ ರಿಜಿಸ್ಟರಿನ ಹಾಗೆ ಸ್ಕೇಲಿನಿಂದ ಗೆರೆ ಎಳೆದಿದ್ದರು. ದಿನಾಂಕ, ಪದಾರ್ಥ, ತಂದ ಸ್ಥಳ, ಬಣ್ಣ, ಷರಾ. ಕುಲ್ಫಿ, ಗಾಡಿಯವನದು, ನೀಲಿ ಇಲ್ಲ, ತಿಂದೆ. ವೆನಿಲ್ಲಾ ಕಪ್, ಬಸ್ ಸ್ಟ್ಯಾಂಡ್, ನೀಲಿ ಇಲ್ಲ, ತಿಂದೆ. ಪಿಸ್ತಾ ಕುಲ್ಫಿ, ನೀಲಿ ಇಲ್ಲ, ಎರಡು ತಿಂದೆ. ನಾಲ್ಕು ದಿನದ ಲೆಕ್ಕ ಅಚ್ಚುಕಟ್ಟಾಗಿ ಇತ್ತು.

ಅವರು ಉಪ್ಪಿನ ಕಿಟ್ಟಿನ ಹನಿಯನ್ನು ಐಸ್‌ಕ್ರೀಮಿಗೆ ಹಾಕಿ ನೋಡಿದ್ದರು.

"ಅಕ್ಕೋರೆ, ಆ ಹನಿ ಉಪ್ಪಿಗಷ್ಟೇ ನಡೀತದ. ಉಪ್ಪಿಗಿ ಬೆರೆಸಿದ ಅಯೋಡಿನ್ ಮಾತ್ರ ನೀಲಿ ಆಗ್ತದ. ಹಾಲಿನಾಗಿಂದು ಬ್ಯಾರೆ, ಅದು ತೋರಸಂಗಿಲ್ಲ."

"ಕಿಟ್ ಬರೋಬ್ಬರಿ ಅದ ಮೇಡಂ." ಎದ್ದು ಹೋಗಿ, ಪಕ್ಕದ ಮನೆಯ ಪ್ಯಾಕೆಟ್ ಉಪ್ಪು ಚಿಟಿಕೆ ತಂದು, ಹನಿ ಬಿಟ್ಟು ತೋರಿಸಿದರು. ಉಪ್ಪು ಕಡುನೀಲಿಯಾಯಿತು. "ನೋಡ್ರಿ. ಕೆಟ್ಟಿದ್ರ ಇದೂ ಆಗ್ತಿರ್ಲಿಲ್ಲ. ನೀವೇ ಹೇಳೀರಿ, ನೀಲಿ ಆಗದಿದ್ರ ತಿನ್ರಿ ಅಂತ."

ಹೇಳಿದ್ದೆ. ನಾನೇ ಹೇಳಿದ್ದೆ. ಅವರ ಮೇಲೆ ಬಂದ ಸಿಟ್ಟು ಅರ್ಧ ದಾರಿಯಲ್ಲಿ ತಿರುಗಿ ನನ್ನ ಮೇಲೆಯೇ ಬಂತು. ಹದಿನೆಂಟು ವರ್ಷ ಆ ಹನಿಯನ್ನು ನಂಬಿ ಕೆಲಸ ಮಾಡಿದವರ ಕೈಗೆ ಅದೇ ಹನಿಯನ್ನು ಕೊಟ್ಟು, ಅದರ ಮಿತಿ ಏನೆಂದು ಹೇಳದೆ, ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡು ಬಂದಿದ್ದೆ. ಹನಿಗೆ ತಿಳಿಯದಷ್ಟು ಸ್ವಲ್ಪ ಅಯೋಡಿನ್ ಹರಳುಪ್ಪಿನಲ್ಲೂ ಇರಬಹುದು. ಅದೂ ನನಗೆ ಹೊಳೆದದ್ದು ಆಗಲೇ. ಊರೆಲ್ಲ ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗಾಯಿತು.

ಮತ್ತೆ ವಿವರಿಸಿದೆ. ಈ ಸಲ ಅರ್ಥವಾಯಿತು. ನೋಟ್‌ಬುಕ್ ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು.

"ಇನ್ನಾ ಏಳು ದಿನ ಅದಾವಲ್ರಿ. ನೀರು ಕುಡದು ಇರ್ತೀನಿ. ಆಸ್ಪತ್ರಿಗಿ ಹೇಳಬ್ಯಾಡ್ರಿ. ನೀವು ಹೇಳದಿದ್ರ ಯಾರಿಗಿ ಗೊತ್ತಾಗ್ತದ?"

ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ವಾರ ಕಟ್ಟುನಿಟ್ಟಾಗಿದ್ದರೆ ಸಾಕಾಗಲೂಬಹುದು ಎಂದು ನನ್ನ ಮನಸ್ಸೂ ಹೇಳಿತು. ಸುಮ್ಮನಿದ್ದರೆ ನನ್ನ ತಪ್ಪೂ ಮುಚ್ಚಿಹೋಗುತ್ತಿತ್ತು, ಆ ಆಸೆ ನನಗಿತ್ತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಸಾಕೋ ಸಾಲದೋ ಎಂದು ಹೇಳಬೇಕಾದವಳು ನಾನಲ್ಲ. ಔಷಧಿ ವ್ಯರ್ಥವಾಗಿ, ಕಣ ಉಳಿದು, ಎರಡು ವರ್ಷದ ನಂತರ ಮತ್ತೆ ಗಂಟು ಎದ್ದರೆ ಆಗ ಯಾವ ಮುಖ ಹೊತ್ತು ಈ ಮನೆಗೆ ಬರಲಿ? ಅವರ ಎದುರಿಗೇ ಕೂತು ಹೈದರಾಬಾದಿಗೆ ಫೋನು ಹಚ್ಚಿದೆ. ನಾಲ್ಕು ದಿನ ತಿಂದದ್ದನ್ನೂ, ಹಾಗೆ ತಿನ್ನುವಂತೆ ತಪ್ಪು ಹೇಳಿಕೊಟ್ಟವಳು ನಾನು ಎಂಬುದನ್ನೂ ಹೇಳಿದೆ.

ಅರ್ಧ ಗಂಟೆಯ ನಂತರ ಅಲ್ಲಿಂದ ಉತ್ತರ ಬಂತು. ಡಾಕ್ಟರು ಒಪ್ಪುತ್ತಿಲ್ಲ, ಪೂರಾ ಎರಡು ವಾರದ ಪಥ್ಯ ಬೇಕು, ಈ ತಾರೀಖು ಬೇರೆಯವರಿಗೆ ಹೋಗುತ್ತದೆ. ವಿಕಿರಣದ ಔಷಧಿ ಕುಡಿದವರನ್ನು ಇರಿಸುವ ವಾರ್ಡಿನಲ್ಲಿ ಹಾಸಿಗೆಗಳೇ ಕಡಿಮೆ, ಮುಂದಿನದು ಖಾಲಿಯಾಗುವುದು ಜೂನ್ ಕೊನೆಯ ವಾರ.

ಅಕ್ಕೋರು ಬೆರಳು ಮಡಿಸಿ ಎಣಿಸಿದರು. ಒಂದು ಸಲ ಎಣಿಸಿ, ಮತ್ತೊಂದು ಸಲ ಎಣಿಸಿದರು.

"ಅಂದ್ರ ಕೂಸು ಬರೂದ್ರಾಗ ನಾ ದೂರ ನಿಂದ್ರಬೇಕು."

"ಹೌದ್ರಿ."

"ಬಾಣಂತನ ಶಹಾಪುರದ ತಂಗಿ ಮನ್ಯಾಗ ಮಾಡಸಬೇಕು."

ನನ್ನ ಶರಬತ್ತಿನ ಲೋಟ ಎತ್ತಿಕೊಂಡು ಎದ್ದರು. "ಹೋಗ್ರಿ ಮೇಡಂ, ನಿಮ್ಮ ಬಸ್ಸಿನ ಹೊತ್ತಾತು," ಎಂದರು. ಬಸ್ಸಿಗೆ ಇನ್ನೂ ಒಂದೂವರೆ ಗಂಟೆಯಿತ್ತು. ಬಿಸಿಲಿನಲ್ಲಿ ಬಸ್ ಸ್ಟ್ಯಾಂಡಿನವರೆಗೆ ನಡೆದುಕೊಂಡು ಹೋದೆ.

ಎರಡು ವಾರ ಅವರ ಸುದ್ದಿಯಿಲ್ಲ. ಮೂರನೆಯ ವಾರ, ಹೊಸ ಪಥ್ಯ ಶುರುವಾಗುವ ಹೊತ್ತಿಗೆ, ಫೋನು ಬಂತು. ದನಿ ಒಣಗಿತ್ತು. "ಈ ಸಲ ಬಾಯಿಲೆ ಹೇಳಬ್ಯಾಡ್ರಿ. ಬಂದು ಕೈಲೆ ಮಾಡಿ ತೋರಸ್ರಿ. ನಾ ತಣ್ಣಗಿಂದು ಬಿಡಂಗಿಲ್ಲ, ಈಗ್ಲೇ ಹೇಳ್ತೀನಿ."

ಭಾನುವಾರ ಹೋದೆ. ಅವರ ಮನೆಯಲ್ಲಿ ಫ್ರಿಜ್ ಇಲ್ಲ, ಪಕ್ಕದ ಮನೆಯಾಕೆ, ಎಲ್ಲರೂ ಆಪಾ ಎಂದು ಕರೆಯುವವರು, ತಮ್ಮದನ್ನು ಬಿಟ್ಟುಕೊಟ್ಟರು. ತಿಂಥಣಿ ಕಡೆಯಿಂದ ಬಂದಿದ್ದ ಕಲ್ಲಂಗಡಿಯ ರಸಕ್ಕೆ ಸಕ್ಕರೆ ಹಾಕಿ, ಲಿಂಬೆ ಹಿಂಡಿ, ಸ್ಟೀಲಿನ ಲೋಟಗಳಲ್ಲಿ ಸುರಿದು ಇಟ್ಟೆವು. ಮೂರು ತಾಸಿಗೆ ತೆಗೆದರೆ ಮೇಲೆ ಸಪ್ಪೆ ಗಡ್ಡೆ, ತಳದಲ್ಲಿ ಸಕ್ಕರೆ. ಚಮಚ ಬಾಗಿತೇ ಹೊರತು ಗಡ್ಡೆ ಒಡೆಯಲಿಲ್ಲ. ಎರಡನೆಯ ಸಲ ಅರ್ಧ ಗಂಟೆಗೊಮ್ಮೆ ಕೆದಕಿ ಇಡಲು ಹೋದೆವು. ಹದ ಬರುತ್ತಿತ್ತು, ಅಷ್ಟರಲ್ಲಿ ಕರೆಂಟು ಹೋಯಿತು. ಅಕ್ಕೋರು ಕಟ್ಟೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮುಂದಿನ ಬುಧವಾರ ರಜೆ ಹಾಕಿ ಮತ್ತೆ ಹೋದೆ. ಈ ಸಲ ಉಪಾಯ ಬದಲಿಸಿದ್ದೆ. ಚೆನ್ನಾಗಿ ಕಳಿತ ಬಾಳೆಹಣ್ಣನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಬೀಜ ತೆಗೆದ ಕಲ್ಲಂಗಡಿ ಹೋಳಿನ ಜೊತೆ ಹಿಂದಿನ ದಿನವೇ ಫ್ರೀಜರಿನಲ್ಲಿ ಇಡಲು ಹೇಳಿದ್ದೆ. ಅವನ್ನು ಮಿಕ್ಸಿಗೆ ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿದರೆ ಮೊದಲು ಪುಡಿ, ಆಮೇಲೆ ಮುದ್ದೆ, ಕೊನೆಗೆ ಬೆಣ್ಣೆಯಂತೆ ನುಣ್ಣಗಾಯಿತು. ಹಾಲಿಲ್ಲ, ಪಾಚಿಯಿಲ್ಲ, ಕೆಂಪು ಕಲ್ಲಂಗಡಿಯದೇ. ನಾನು ಬಟ್ಟಲು ತೊಳೆದು ತರುವಷ್ಟರಲ್ಲಿ ಆಪಾ ಮಿಕ್ಸಿಯ ಜಾರಿಗೆ ಬೆರಳದ್ದಿ ರುಚಿ ನೋಡಿದ್ದರು.

"ಚಲೋ ಆಗ್ಯಾದ. ಚಿಟಿಕಿ ನಮಕ್ ಬಿದ್ರ ಮಿಠಾಸ್ ಏರ್ತದ ನೋಡ್ರಿ."

"ಹಾಕಬ್ಯಾಡ್ರಿ ಆಪಾ," ಎಂದೆ.

"ಹಾಕಿದ್ನಲ್ಲ."

ನಾನು ನೆಲದ ಮೇಲೆ ಕೂತುಬಿಟ್ಟೆ. ಸಿಹಿಗೆ ಚಿಟಿಕೆ ಉಪ್ಪು ಹಾಕದ ಕೈ ನಮ್ಮಲ್ಲಿ ಇಲ್ಲ, ನಮ್ಮವ್ವನೂ ಹಾಕುತ್ತಾಳೆ. ಆಪಾರ ಮುಖ ಸಣ್ಣದಾಯಿತು. ಆಗ ಅಕ್ಕೋರು ನಕ್ಕರು, ಒಂದು ತಿಂಗಳ ಮೇಲೆ ಮೊದಲ ಸಲ. "ಅದು ನಿಮ್ಮ ಹುಡುಗ್ರಿಗಿ ಕೊಡ್ರಿ ಆಪಾ. ಇನ್ನೂ ಹಣ್ಣು ಅದಾವ. ನೀವು ಮಾತ್ರ ಹೊರಗ ಕುಂದರ್ರಿ."

ಇನ್ನೊಂದು ಸಲ ಮಾಡಿದೆವು. ಅಕ್ಕೋರು ಎರಡು ಬಟ್ಟಲು ತಿಂದರು.

"ಕುಲ್ಫಿ ಹಂಗಿಲ್ಲ," ಎಂದರು.

"ಇಲ್ಲ."

"ಆದ್ರ ಇಳೀತದ."

ಪಥ್ಯ ಮುಗಿಯುವ ತನಕ ಅದರ ಮೇಲೆಯೇ ದಿನ ದಬ್ಬಿದರು. ಜೂನ್ ಕೊನೆಗೆ ಹೈದರಾಬಾದಿನಲ್ಲಿ ಈ ಸಲ ಸಂಶಯ ಬೇಡವೆಂದು ಮೂತ್ರ ಪರೀಕ್ಷೆಯನ್ನೂ ಮಾಡಿ, ಅಯೋಡಿನ್ ಬೇಕಾದಷ್ಟು ಇಳಿದಿದೆ ಎಂದು ಔಷಧಿ ಕುಡಿಸಿದರು. ಸ್ಕ್ಯಾನಿನಲ್ಲಿ ಔಷಧಿ ಸೇರಬೇಕಾದ ಜಾಗಕ್ಕೇ ಸೇರಿತ್ತು. ಡಾಕ್ಟರಿಗೆ ಸಮಾಧಾನವಾಯಿತು. ಎಂಟು ದಿನಕ್ಕೆ ಶಹಾಪುರದಲ್ಲಿ ಮಗಳಿಗೆ ಹೆಣ್ಣು ಕೂಸು ಹುಟ್ಟಿತು.

ಜುಲೈ ನಡುವೆ ಕೂಸು ನೋಡಲು ಅಕ್ಕೋರ ತಂಗಿಯ ಮನೆಗೆ ಹೋದೆ. ಅಕ್ಕೋರೂ ಬಂದಿದ್ದರು. ಅಂಗಳದ ಆಚೆ, ಗೇಟಿನ ಹೊರಗೆ ಒಂದು ಕುರ್ಚಿ ಹಾಕಿಕೊಂಡು ಕೂತಿದ್ದರು. ಅಲ್ಲಿಂದ ಪಡಸಾಲೆಯ ತೊಟ್ಟಿಲು ಕಾಣುತ್ತದೆ, ಅದರೊಳಗಿನ ಕೂಸು ಕಾಣುವುದಿಲ್ಲ. ತಂಗಿ ಗಿರಣಿಗೆ ಹೋಗಿದ್ದಳು, ಮಗಳು ಬಚ್ಚಲಲ್ಲಿದ್ದಳು. ನಾನು ಪಡಸಾಲೆಯಲ್ಲಿ ಕಾಲಿಡುತ್ತಲೇ ತೊಟ್ಟಿಲಲ್ಲಿ ಕೂಸು ಅಳಲು ಶುರುಮಾಡಿತು. ಬಚ್ಚಲಲ್ಲಿ ನೀರಿನ ಸದ್ದು, ಮಗಳಿಗೆ ಕೇಳಿಸುತ್ತಿಲ್ಲ. ಅಕ್ಕೋರು ಎದ್ದು ಗೇಟು ಹಿಡಿದು ನಿಂತರು.

"ಎತ್ತಿಕೋರಿ ಮೇಡಂ."

"ನಂಗ ಬರಂಗಿಲ್ರಿ. ನಾ ಎಂದೂ ಎತ್ತಿಲ್ಲ."

"ನಾ ಹೇಳ್ತೀನಿ, ಕೇಳ್ರಿ. ಮೊದ್ಲು ಕೈ ತೊಳಕೋರಿ. ಆತಾ? ಒಂದು ಕೈ ತಲಿ ಕೆಳಗ. ಹಂಗಲ್ರಿ, ಕುತಿಗಿ ತನಕ ಬರ್ಲಿ. ಇನ್ನೊಂದು ಕುಂಡಿ ಕೆಳಗ. ಈಗ ಎಬ್ಬಸ್ರಿ, ಸಾವಕಾಶ. ಎದಿಗಿ ಹಚ್ಕೋರಿ. ಬೆನ್ನ ಮ್ಯಾಲ ಕೈ ಆಡಸ್ರಿ. ಬಡೀಬ್ಯಾಡ್ರಿ, ಆಡಸ್ರಿ."

ಬೆವರು ಸುರಿಯುತ್ತಿತ್ತು. ಅವರು ಹೇಳಿದ್ದನ್ನು ಹೇಳಿದ ಹಾಗೆ ಮಾಡಿದೆ. ಕೂಸು ಬಿಕ್ಕಿ ಬಿಕ್ಕಿ ನಿಲ್ಲಿಸಿತು. ಬಾಗಿಲ ತನಕ ಬಂದು ಹೊಸ್ತಿಲ ಒಳಗೆ ನಿಂತೆ.

"ಮಾರಿ ಕಾಣವಲ್ದು. ಈ ಕಡಿ ತಿರುಗಸ್ರಿ."

ತಿರುಗಿಸಿದೆ. ಅವರು ಗೇಟಿನ ಕಂಬಿಯ ಮೇಲೆ ಒಂದು ಕಾಲಿಟ್ಟು ಮೇಲೆದ್ದು ನೋಡಿದರು.

"ಬಿಸಿಲು ಇಲ್ಲ, ಅಂಗಳಕ್ಕ ಬರ್ರಿ. ನಡು ಅಂಗಳ ತನಕ. ಒಂದು ನಾಕು ಹೆಜ್ಜಿ."

ಅವರು ಔಷಧಿ ಕುಡಿದು ಹದಿನಾರು ದಿನವಾಗಿತ್ತು. ಇನ್ನೂ ಹದಿನಾಲ್ಕು ಬಾಕಿ.

"ಬರಂಗಿಲ್ಲ ಅಕ್ಕೋರೆ," ಎಂದೆ.

ಅವರು ಕಂಬಿಯಿಂದ ಕಾಲು ಇಳಿಸಿದರು. ಸೆರಗಿನಿಂದ ಮೂಗು ಒರೆಸಿಕೊಂಡರು.

"ಹಂಗಾರ ಅಲ್ಲೇ ನಿಂದರ್ರಿ. ಮಲಗಸಬ್ಯಾಡ್ರಿ ಅದನ್ನ."

ಮಗಳು ಬಚ್ಚಲಿನಿಂದ ಬರುವ ತನಕ, ಕೈ ಜೋಮು ಹಿಡಿದರೂ, ಕೂಸಿನ ಮುಖವನ್ನು ಗೇಟಿನ ಕಡೆಗೆ ಮಾಡಿಕೊಂಡು ನಿಂತೇ ಇದ್ದೆ.